ಮಾಂಟೆಸ್ಸರಿ ಲೋವರ್ ಎಲಿಮೆಂಟರಿ: ಒಂದು ವಾರದಲ್ಲಿ ಏನೇನಾಗತ್ತೆ

ಎಲ್ರಿಗೂ ನಮಸ್ಕಾರ. ಮಾಂಟೆಸ್ಸರಿಗೆ ಮಕ್ಕಳನ್ನ ಕಳಿಸೋ ಪೇರೆಂಟ್ಸ್ ನನ್ನ ಹತ್ರ ಜಾಸ್ತಿ ಹೇಳೋ ಕಂಪ್ಲೇಂಟ್ ಅಂದ್ರೆ, ಇವತ್ತೇನು ಕಲಿತೆ ಅಂತ ಕೇಳಿದ್ರೆ ಮಗು "ಏನಿಲ್ಲ" ಅನ್ನತ್ತೆ ಅನ್ನೋದು. ನಿಜ ಹೇಳ್ಬೇಕಂದ್ರೆ ದಿನದ ಲೆಕ್ಕದಲ್ಲಿ ನೋಡಿದ್ರೆ ನನಗೂ ಕೆಲವು ಸಲ ಏನೂ ಕಾಣಲ್ಲ. ವಾರ ಪೂರ್ತಿ ನೋಡ್ಬೇಕು.

ಮೊದಲು ಕ್ಲಾಸ್ ಯಾವುದು ಅಂತ ಹೇಳ್ಬಿಡ್ತೀನಿ. 6ರಿಂದ 9 ವರ್ಷದ ಮಕ್ಕಳು, ಮೂರೂ ವರ್ಷದ ಗುಂಪಿನವರು ಒಟ್ಟಿಗೆ ಒಂದೇ ರೂಮಲ್ಲಿ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ್ದು ಇನ್ನೂ ಚಿಕ್ಕ ಮಕ್ಕಳ ಮನೆ. ನಮ್ಮ ಕ್ಲಾಸಿನ ವಯಸ್ಸಿನವರಿಗೆ ಅಂತ ಇರೋ ಕಾಸ್ಮಿಕ್ ಎಜುಕೇಶನ್, ಅಂದ್ರೆ ಬ್ರಹ್ಮಾಂಡದ ಕಥೆಯಿಂದ ಶುರು ಮಾಡಿ ಎಲ್ಲ ವಿಷಯಗಳನ್ನೂ ಒಂದಕ್ಕೊಂದು ಜೋಡಿಸಿ ಕಲಿಸೋ ಕ್ರಮ, ರೂಪ ಪಡೆದಿದ್ದರಲ್ಲಿ ದೊಡ್ಡ ಪಾಲು ಅವರು ಭಾರತದಲ್ಲಿದ್ದ ಕಾಲದ್ದು, 1939ರಲ್ಲಿ ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದ್ರು, ಮಗ ಮಾರಿಯೋ ಜೊತೆ ಕೊಡೈಕೆನಾಲ್‌ನಲ್ಲಿದ್ದಾಗ ಈ ಕೆಲಸ ಬಹಳ ಬೆಳೀತು.

ಸೋಮವಾರ ಮಗು ತನ್ನ ವರ್ಕ್ ಜರ್ನಲ್ ತೆಗೆದು ಡೇಟ್, ಟೈಮ್ ಬರ್ಕೊಂಡು ಏನು ಮಾಡ್ತೀನಿ ಅಂತ ತಾನೇ ತೀರ್ಮಾನ ಮಾಡತ್ತೆ. ಪೀರಿಯಡ್ ಇಲ್ಲ, ಬೆಲ್ ಇಲ್ಲ, ಸುಮಾರು ಮೂರು ಗಂಟೆ ಒಂದೇ ಉದ್ದಕ್ಕೆ. ನಾವು ಮೂರ್ನಾಲ್ಕು ಮಕ್ಕಳನ್ನ ಕರೆದು ಚಿಕ್ಕ ಪಾಠ ಕೊಡ್ತೀವಿ, ಉಳಿದವರ ಪಾಡಿಗೆ ಅವರ ಕೆಲಸ.

ಉದಾಹರಣೆಗೆ ಚೆಕ್ಕರ್‌ಬೋರ್ಡ್ ತಗೊಳ್ಳಿ. ಸೋಮವಾರ ಇದರ ಪಾಠ ಆಯ್ತು ಅಂದ್ಕೊಳ್ಳೋಣ. ಬಣ್ಣದ ಚೌಕಗಳಿರೋ ಬೋರ್ಡು, ಬಿಡಿಗೆ ಹಸಿರು, ಹತ್ತಕ್ಕೆ ನೀಲಿ, ನೂರಕ್ಕೆ ಕೆಂಪು, ಸಾವಿರಕ್ಕೆ ಮತ್ತೆ ಹಸಿರು. 4357ನ 26ರಿಂದ ಗುಣಿಸಬೇಕು. ಕೆಳಗಿನ ಸಾಲಲ್ಲಿ 6ರ ಗುಣಾಕಾರ, ಹಸಿರು ಚೌಕದಲ್ಲಿ ಏಳು ಮಣಿಯ ಕಡ್ಡಿ ಆರು ಇಡ್ಬೇಕು. ಎರಡನೇ ಸಾಲು 20ರದ್ದು, ಆ ಸಾಲು ಶುರುವಾಗೋದೇ ನೀಲಿ ಚೌಕದಿಂದ. ನಾವೆಲ್ಲ ಪೇಪರ್ ಮೇಲೆ ಎರಡನೇ ಸಾಲು ಬರೀವಾಗ ಬಲಗಡೆ ಒಂದು ಸ್ಥಾನ ಬಿಡ್ತಿದ್ವಲ್ಲ, ಯಾಕೆ ಅಂತ ಯಾರೂ ಹೇಳ್ದೇ ಬಿಟ್ಟಿದ್ದು, ಅದರ ಕಾರಣ ಇಲ್ಲಿ ಕಣ್ಣಿಗೇ ಕಾಣತ್ತೆ. ಆಮೇಲೆ ಮಣಿಗಳನ್ನ ಓರೆಯಾಗಿ ಅದೇ ಬಣ್ಣದ ಚೌಕಕ್ಕೆ ಜಾರಿಸಿ, ಹತ್ತು ಬಿಡಿ ಆದಾಗ ಪಕ್ಕಕ್ಕೆ ಒಂದು ಮಣಿ ಕೊಟ್ಟು, ಹೀಗೇ ಮುಂದಿನ ಚೌಕಗಳಿಗೂ ಮಾಡ್ತಾ ಹೋದ್ರೆ 113282 ಬರತ್ತೆ. ಸೋಮವಾರ ಇದು ಅರ್ಧಕ್ಕೆ ನಿಲ್ಲಬಹುದು, ಮಂಗಳವಾರ ಎಣಿಕೆ ತಪ್ಪಿ ಎಲ್ಲ ಎತ್ತಿಟ್ಟು ಮತ್ತೆ ಶುರು ಮಾಡಬಹುದು, ಗುರುವಾರ ಅದೇ ಮಗು ಇನ್ನೊಬ್ಬರಿಗೆ ತೋರಿಸ್ತಾ ಕೂತಿರತ್ತೆ. ಮಂಗಳವಾರ ಸಂಜೆ ನೀವು ಕೇಳಿದ್ರೆ ಉತ್ತರ "ಏನಿಲ್ಲ".

ಭಾಷೆಯ ಕೆಲಸದಲ್ಲಿ ನನಗೆ ತುಂಬ ಇಷ್ಟ ಗ್ರಾಮರ್ ಸಿಂಬಲ್ಸ್. ನಾಮಪದಕ್ಕೆ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ. ವಾಕ್ಯ ಬರೆದು ಒಂದೊಂದು ಪದದ ಮೇಲೂ ಅದರ ಸಿಂಬಲ್ ಇಡೋದು. ಕನ್ನಡ ವಾಕ್ಯಕ್ಕೆ ಇಟ್ರೆ ಕೆಂಪು ಸಾಮಾನ್ಯವಾಗಿ ಕೊನೇಲಿ ಬರತ್ತೆ, ಇಂಗ್ಲಿಷ್‌ಗೆ ಇಟ್ರೆ ಮಧ್ಯಕ್ಕೆ ಜಾರತ್ತೆ, ಇದನ್ನ ನಾವು ಹೇಳೋದಿಲ್ಲ, ಮಕ್ಕಳು ಬಂದು ನಮಗೆ ಹೇಳ್ಲಿ ಅಂತ ಬಾಯಿ ಮುಚ್ಕೊಂಡಿರ್ತೀವಿ.

ಬಾಯಿ ಮುಚ್ಕೊಂಡಿರೋದೇ ದೊಡ್ಡ ಕಷ್ಟ ಸ್ವಾಮಿ. ಬೆಳಿಗ್ಗೆ ಹತ್ತರ ಹೊತ್ತಿಗೆ ರೂಮಲ್ಲಿ ಗಲಾಟೆ ಶುರುವಾಗತ್ತೆ, ಒಬ್ಬರು ಸುಮ್ನೆ ಓಡಾಡ್ತಾರೆ, ಒಬ್ಬರು ಪೆನ್ಸಿಲ್ ಕೆತ್ತಿದ್ದೇ ಕೆತ್ತಿದ್ದು. ಇದನ್ನ ಮಾಂಟೆಸ್ಸರಿಯೇ ಗಮನಿಸಿ 'ಸುಳ್ಳು ದಣಿವು' ಅಂತ ಬರೆದಿದ್ದಾರೆ. ಆಗ ಟೀಚರ್ ಗಾಬರಿಯಾಗಿ ಎಲ್ರನ್ನೂ ಹೊರಗೆ ಆಟಕ್ಕೆ ಬಿಟ್ರೆ ಮುಗೀತು, ಆ ದಿನದ ದೊಡ್ಡ ಕೆಲಸ ಬರೋದು ಈ ಗಲಾಟೆ ತಣ್ಣಗಾದ ಮೇಲೇ. ನೋಡೋಕೆ ಬಂದ ಪೇರೆಂಟ್ಸ್ ಸರಿಯಾಗಿ ಹತ್ತು ಗಂಟೆಗೇ ಬರ್ತಾರೆ ಅನ್ನೋದು ಬೇರೆ ಮಾತು!

ಕೆಲವು ವಾರ ದೊಡ್ಡ ಕಥೆಯ ವಾರ. ಬ್ರಹ್ಮಾಂಡ, ಜೀವ, ಮನುಷ್ಯ, ಬರಹ, ಅಂಕಿ ಅಂತ ಐದು ಗ್ರೇಟ್ ಲೆಸನ್ಸ್ ಇವೆ. ಕಥೆ ಜೊತೆ ಪ್ರಯೋಗ ಇರತ್ತೆ, ಭಾರ ಬೇರೆ ಬೇರೆ ಇರೋ ದ್ರವಗಳನ್ನ ಒಂದೇ ಗ್ಲಾಸಿಗೆ ಹಾಕಿದ್ರೆ ಪದರ ಪದರವಾಗಿ ನಿಲ್ಲೋದು ಹೀಗೆ. ಪರೀಕ್ಷೆ ಇರಲ್ಲ. ಆಮೇಲೆ ಯಾರೋ ಜ್ವಾಲಾಮುಖಿ ಹಿಂದೆ ಬೀಳ್ತಾರೆ, ಯಾರೋ ನಕ್ಷತ್ರದ ಹಿಂದೆ, ಯಾರಿಗೋ ಏನೂ ಅನ್ಸಲ್ಲ, ಅದೂ ಸರಿಯೇ.

ಹಾಗಾದ್ರೆ ಮಗು ಗಣಿತ ಮುಟ್ಟದೇ ವಾರ ಕಳೆದ್ರೆ? ಶುಕ್ರವಾರ ಜರ್ನಲ್ ಇಟ್ಕೊಂಡು ಒಬ್ಬೊಬ್ಬರ ಜೊತೆ ಕೂರ್ತೀವಿ. ಬೈಯೋದಿಲ್ಲ. ಪುಟಗಳನ್ನ ಮಗುವೇ ತಿರುಗಿಸತ್ತೆ, ಮೂರು ದಿನ ಬರೀ ಡೈನೋಸಾರ್ ಇರೋದು ಅದಕ್ಕೇ ಕಾಣತ್ತೆ. ಈ ವಯಸ್ಸಿನ ಮಕ್ಕಳು ಏನು ಕಲಿತಿರ್ಬೇಕು ಅಂತ ಸರ್ಕಾರಿ ಪಠ್ಯಕ್ರಮ ಹೇಳತ್ತೆ ಅನ್ನೋದನ್ನೂ ಮಕ್ಕಳ ಮುಂದೆ ಇಡ್ತೀವಿ, ಮುಚ್ಚಿಡೋದಿಲ್ಲ. ಮುಂದಿನ ವಾರ ಭಾಗಾಕಾರ ಯಾವತ್ತು ಮಾಡ್ತೀಯ ಅಂತ ಕೇಳ್ತೀವಿ, ದಿನ ಅವರೇ ಹೇಳ್ಬೇಕು. ಮಾಡ್ಲೇ ಇಲ್ಲ ಅಂದ್ರೆ ಅದರ ಮುಂದಿನ ಸೋಮವಾರ ನಾವೇ ಕರೆದು ಕೂರಿಸ್ತೀವಿ. ಸ್ವಾತಂತ್ರ್ಯ ಅಂದ್ರೆ ಬಿಟ್ಟಿ ರಜೆ ಅಂತ ತಿಳ್ಕೊಂಡವರಿಗೆ ಈ ಭಾಗ ಗೊತ್ತೇ ಇರಲ್ಲ.

ಚೆಕ್ಕರ್‌ಬೋರ್ಡ್ ಅಲ್ಲಿ ಹಿಂದಿನ ಟೇಬಲ್ ಮೇಲಿದೆ. ಎದ್ದು ಹೋಗಿ ಒಂದು ಲೆಕ್ಕ ಮಾಡಿ ನೋಡಿ, ಪ್ರಶ್ನೆ ಆಮೇಲೆ ತಗೊಳ್ತೀನಿ.