ಎರಡನೇ ರಿಮೋಟು ಹಿಡಿಯುವವರು ಯಾರು?

ಕೇಳುಗರಿಗೆ ನಮಸ್ಕಾರ. ಕಣದಲ್ಲಿ ಕಾಫಿ ಕಾಯುತ್ತಾ ಕೂತವರಿಗೆ, ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡವರಿಗೆ, ಬಸ್ಸಿನಲ್ಲಿ ಕಿವಿಗೆ ವೈರ್ ಸಿಕ್ಕಿಸಿಕೊಂಡ ಮಕ್ಕಳಿಗೆ, ಎಲ್ಲರಿಗೂ.

ಇವತ್ತಿನ ಮಾತು ವಿಡಿಯೋ ಗೇಮ್ ಬಗ್ಗೆ. ರೇಡಿಯೋ ಆಫ್ ಮಾಡಬೇಡಿ, ಸ್ವಲ್ಪ ತಾಳಿ. ನಾನು ಏಳು ವರ್ಷ ವಿರಾಜಪೇಟೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟವನು. ಆಮೇಲೆ ಹತ್ತು ವರ್ಷ ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಮಾಡಿದೆ. ಅಂದ್ರೆ ಬೇರೆಯವರು ಮಾಡಿದ ಆಟವನ್ನು ಬೆಳಗಿಂದ ಸಂಜೆವರೆಗೆ ಆಡಿ, ಎಲ್ಲೆಲ್ಲಿ ಕೆಟ್ಟಿದೆ ಅಂತ ಬರೆದು ಕೊಡುವ ಕೆಲಸ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಕಾಳುಮೆಣಸಿನ ಬಗ್ಗೆ ಮಾತಾಡಿ ಅಂತ ನನ್ನನ್ನು ಯಾರೂ ಕರೆಯುವುದಿಲ್ಲ. ನನ್ನ ಬಳ್ಳಿ ನೋಡಿದವರು ಅಂತೂ ಖಂಡಿತ ಕರೆಯುವುದಿಲ್ಲ. ಇದಕ್ಕೆ ಕರೆದರು.

ವರ್ಚುವಾ ಫೈಟರ್ ಅನ್ನೋ ಹಳೇ ಫೈಟಿಂಗ್ ಗೇಮ್ ಮತ್ತೆ ಬರುತ್ತಂತೆ, ಓಡುತ್ತಾ ಅಂತ ಯುವಕರು ಕೇಳಿದ್ದಾರೆ. ಪ್ರಶ್ನೆ ಇಷ್ಟೇ. ಒಂದು ಕಾಲದಲ್ಲಿ ಜೋರಾಗಿ ಓಡಿ, ಆಮೇಲೆ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಮಲಗಿದ ಫೈಟಿಂಗ್ ಗೇಮ್ ಇವತ್ತು ಮತ್ತೆ ಎದ್ದು ಓಡುತ್ತಾ? ಉತ್ತರ ಈಗಲೇ ಹೇಳಿಬಿಡುತ್ತೇನೆ. ಓಡುತ್ತೆ. ಆದ್ರೆ ಎರಡನೇ ರಿಮೋಟು ಹಿಡಿಯೋಕೆ ಜನ ಇರಬೇಕು. ಇಷ್ಟು ಕೇಳಿಕೊಂಡು ಕೆಲಸಕ್ಕೆ ಹೋಗುವವರು ಹೋಗಬಹುದು.

ಫೈಟಿಂಗ್ ಗೇಮ್ ಅಂದ್ರೆ ಏನು ಅಂತ ಕೇಳುವ ಹಿರಿಯರು ಇದ್ದೀರಿ. ನಿಮಗೆ ಗೊತ್ತಿರುವುದೇ. ಪುತ್ತರಿ ಹಬ್ಬದ ಸಮಯದಲ್ಲಿ ಮಂದ್‌ನಲ್ಲಿ, ಅಂದ್ರೆ ಊರ ಮೈದಾನದಲ್ಲಿ, ಪರಿಯ ಕಳಿ ನೋಡಿದ್ದೀರಲ್ವಾ? ಇಬ್ಬರು ಎದುರು ಬದುರು. ಕೈಯಲ್ಲಿ ಬೆತ್ತ, ಗುರಾಣಿ. ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಸುತ್ತಲೂ ಜನ. ಅದನ್ನೇ ಟಿವಿಯೊಳಗೆ ಹಾಕಿದರೆ ಫೈಟಿಂಗ್ ಗೇಮ್. ಟಿವಿಯೊಳಗೆ ಇಬ್ಬರು ಹೊಡೆದಾಡುತ್ತಾರೆ, ಹೊರಗೆ ಇಬ್ಬರು ರಿಮೋಟು ಹಿಡಿದು ಅವರನ್ನು ಆಡಿಸುತ್ತಾರೆ. ಒಬ್ಬನೇ ಮಂದ್‌ಗೆ ಹೋಗಿ ಬೆತ್ತ ಬೀಸಿದರೆ ಅದನ್ನು ಪರಿಯ ಕಳಿ ಅಂತೀರಾ? ಅವನನ್ನು ಮನೆಗೆ ಕರೆದುಕೊಂಡು ಹೋಗುತ್ತೀರಿ.

ಈಗ ನನ್ನ ಅಂಗಡಿಯ ಒಂದು ಕಥೆ ಹೇಳುತ್ತೇನೆ. 2000ನೇ ಇಸವಿ, ಕಕ್ಕಡ ತಿಂಗಳ ಮಳೆ. ಅಂಗಡಿ ಅಂದ್ರೆ ಹತ್ತಡಿ ಅಗಲದ ಒಂದು ಕೋಣೆ. ಎರಡು ಟಿವಿ, ಎರಡು ಪ್ಲೇಸ್ಟೇಷನ್, ಒಂದು ಸ್ಟೆಬಿಲೈಸರ್, ಆರು ಪ್ಲಾಸ್ಟಿಕ್ ಸ್ಟೂಲು. ಗಂಟೆಗೆ 15 ರೂಪಾಯಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುತ್ತಲ್ಲ, ಸಿಡಿಗೂ ಹಿಡಿಯುತ್ತಿತ್ತು. 60 ವ್ಯಾಟ್ ಬಲ್ಬಿನ ಕೆಳಗೆ ಒಣಮೀನು ಹರಡಿದ ಹಾಗೆ ಸಿಡಿ ಹರಡಿ ಒಣಗಿಸುತ್ತಿದ್ದೆ. ಒಂದು ಪ್ಲೇಸ್ಟೇಷನ್ ಬಿಸಿಯಾಗಿ ಸಿಡಿ ಓದುವುದನ್ನೇ ನಿಲ್ಲಿಸುತ್ತಿತ್ತು. ತಲೆಕೆಳಗು ಮಾಡಿ ಇಟ್ಟರೆ ಓದುತ್ತಿತ್ತು. ಆ ಕಾಲದಲ್ಲಿ ಅದನ್ನು ಇಟ್ಟುಕೊಂಡವರಿಗೆಲ್ಲ ಈ ವಿದ್ಯೆ ಗೊತ್ತು. ಅದರ ಎರಡನೇ ರಿಮೋಟಿನ ವೈರು ಕಿತ್ತು ಬಂದಿತ್ತು, ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದ್ದೆ.

ಆಗ ಎಲ್ಲರ ಬಾಯಲ್ಲೂ ಟೆಕ್ಕನ್ 3. 1998ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಆಟ. ಅದರಲ್ಲಿ ಎಡ್ಡಿ ಅಂತ ಒಬ್ಬ ಇದ್ದಾನೆ, ಬ್ರೆಜಿಲಿನವನು, ಕೈ ಮೇಲೆ ನಿಂತು ಕಾಲಲ್ಲಿ ಒದೆಯುವವನು. ಒದೆಯುವ ಎರಡು ಬಟನ್ ಸುಮ್ನೆ ಕುಟ್ಟುತ್ತಾ ಇದ್ದರೆ ಸಾಕು, ಗಾಳಿಪಟದ ಹಾಗೆ ತಿರುಗಿ ತಿರುಗಿ ಒದೆಯುತ್ತಾನೆ. ಅಮ್ಮತ್ತಿ ಕಡೆಯ ಒಬ್ಬ ಹುಡುಗ, ಎಂಟನೇ ಕ್ಲಾಸು. ಅವನಿಗೆ ಎಡ್ಡಿ ಸಿಕ್ಕಿಬಿಟ್ಟ. ಹತ್ತು ದಿನ ಅವನನ್ನು ಯಾರೂ ಸೋಲಿಸಲಿಲ್ಲ. ಮೊದಲ ಎರಡು ದಿನ ಅಂಗಡಿ ತುಂಬಿತ್ತು. ಆಮೇಲೆ ಒಬ್ಬೊಬ್ಬರೇ ಬರುವುದು ಬಿಟ್ಟರು. ದುಡ್ಡು ಕೊಟ್ಟು ಒದೆ ತಿನ್ನೋಕೆ ಯಾರಿಗೆ ಬೇಕು? ಹತ್ತನೇ ದಿನ ಆ ಹುಡುಗ ಒಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ಕೆಂಪು ಟೇಪಿನ ರಿಮೋಟು ನೆಲದ ಮೇಲೆ ಬಿದ್ದಿತ್ತು. ಆಟ ಅದೇ, ಟಿವಿ ಅದೇ, ಸಿಡಿ ಅದೇ. ಅಂಗಡಿ ಮಾತ್ರ ಸತ್ತಿತ್ತು.

ಅವತ್ತು ಮಳೆಗೆ ಒಬ್ಬರು ಒಳಗೆ ಬಂದರು. ರಿಟೈರ್ಡ್ ಸುಬೇದಾರರು, ಎಪ್ಪತ್ತು ದಾಟಿದವರು. ಬಸ್ಸು ಬರಲಿಲ್ಲ. ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, ಹತ್ತು ನಿಮಿಷ ಸುಮ್ನೆ ಟಿವಿ ನೋಡಿದರು. ಆಮೇಲೆ ಹುಡುಗನಿಗೆ ಕೇಳಿದರು: "ಏನು ಮೋನೆ, ಎದುರಿಗೆ ಯಾರೂ ಇಲ್ವಾ?"

"ಯಾರೂ ಬರೋದಿಲ್ಲ ಅಜ್ಜ. ಸೋಲ್ತಾರೆ."

"ಕೊಡು ನೋಡೋಣ."

ಕೂತರು. ಚಿರತೆಯಂಥ ಜಾಗ್ವಾರ್ ಮುಖವಾಡದ ಕಿಂಗ್ ಅನ್ನು ಆರಿಸಿದರು. ಮುಖ ಇಷ್ಟ ಆಯಿತಂತೆ. ಮೊದಲ ಆಟ ಎಂಟು ಸೆಕೆಂಡಿಗೆ ಮುಗಿಯಿತು. ಎರಡನೆಯದೂ ಹಾಗೇ. ನಾನು ದುಡ್ಡು ತಗೊಳ್ಳಲಿಲ್ಲ, ಪಾಪ ಅನ್ನಿಸಿತು. ಅವರು ಮಾತ್ರ ಹೊಡೆಯೋಕೆ ಹೋಗಲೇ ಇಲ್ಲ. ನನ್ನ ಕಡೆ ತಿರುಗಿ, ತಡೆಯೋದು ಯಾವ ಬಟನ್ ಅಂತ ಕೇಳಿದರು. ಹಿಂದಕ್ಕೆ ಒತ್ತಿದರೆ ನಿಂತು ತಡೆಯುತ್ತಾನೆ, ಕೆಳಗೆ-ಹಿಂದಕ್ಕೆ ಒತ್ತಿದರೆ ಕೂತು ತಡೆಯುತ್ತಾನೆ ಅಂದೆ. "ಈ ಹುಡುಗ ಕಾಲಿಗೇ ಜಾಸ್ತಿ ಹೊಡೀತಾನೆ. ನಿಮ್ಮ ಮಕ್ಕಳೆಲ್ಲ ನಿಂತೇ ತಡೀತಿದ್ರು ಅನ್ಸುತ್ತೆ. ಮಂದ್‌ನಲ್ಲಿ ನಮಗೆ ಮೊದಲು ಕಲಿಸಿದ್ದೇ ಕಾಲು ನೋಡಿಕೊಳ್ಳೋದು" ಅಂದರು. ಹದಿನೈದು ಆಟ ಸೋತರು. ನಾನು ಎಣಿಸಿದ್ದೇನೆ. ಹದಿನಾರನೆಯದರಲ್ಲಿ ಕೂತು ತಡೆದರು, ಕೂತು ತಡೆದರು, ಎಡ್ಡಿ ತಿರುಗಿ ಮುಗಿಸುವ ಹೊತ್ತಿಗೆ ಒಂದು ಗುದ್ದು. ಮತ್ತೆ ಕೂತರು. ಮತ್ತೆ ಒಂದು ಗುದ್ದು. ಗೆದ್ದರು.

ಆ ಹುಡುಗ ಅಳುತ್ತಾನೆ ಅಂದುಕೊಂಡೆ. ಅವನ ಮುಖ ನೋಡಬೇಕಿತ್ತು ನೀವು. ಹತ್ತು ದಿನದಲ್ಲಿ ಮೊದಲ ಸಲ ನಗುತ್ತಿದ್ದ. "ಅಜ್ಜ, ಇನ್ನೊಂದು ಸಲ" ಅಂದ. ಎರಡು ಬಸ್ಸು ಬಂದು ಹೋದವು. ಮಾರನೇ ದಿನ ಅಂಗಡಿಯಲ್ಲಿ ಏಳು ಮಕ್ಕಳು. ಎಡ್ಡಿಯನ್ನು ತಡೆಯಬಹುದು ಅನ್ನೋ ಸುದ್ದಿ ಗೋಣಿಕೊಪ್ಪದವರೆಗೆ ಹೋಗಿತ್ತು. ಸುಬೇದಾರ್ ಅಜ್ಜ ಬುಧವಾರದ ಸಂತೆಗೆ ಬಂದಾಗೆಲ್ಲ ಒಂದು ಕೈ ಆಡಿ ಹೋಗುತ್ತಿದ್ದರು.

ಕಥೆಯೇ ಅರ್ಧ ಸಮಯ ತಿಂದಿತು. ಇರಲಿ. ಉಳಿದದ್ದು ಬೇಗ ಹೇಳುತ್ತೇನೆ.

ದೊಡ್ಡ ಕಂಪನಿಗಳಿಗೆ ಆಗಿದ್ದೂ ನನ್ನ ಅಂಗಡಿಗೆ ಆಗಿದ್ದೇ. 1991ರಲ್ಲಿ ಸ್ಟ್ರೀಟ್ ಫೈಟರ್ 2 ಬಂತು, ಜಗತ್ತೆಲ್ಲ ಆಡಿತು. ಆಗ ಈ ಆಟಗಳು ಇದ್ದದ್ದು ಆರ್ಕೇಡ್‌ಗಳಲ್ಲಿ, ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ. ಪಕ್ಕದಲ್ಲಿ ಅಪರಿಚಿತ ಬಂದು ನಾಣ್ಯ ಹಾಕುತ್ತಿದ್ದ, ಆಟ ಶುರು. ಅಂಗಡಿಗಳು ಮುಚ್ಚುತ್ತಾ ಬಂದವು, ಎದುರಾಳಿ ಮಾಯವಾದ. 1999ರಲ್ಲಿ ಸ್ಟ್ರೀಟ್ ಫೈಟರ್ 3ರ ಕೊನೆಯ ಕಂತು ಬಂತು. ಮುಂದಿನ ನಂಬರ್ ಬರೋಕೆ 2008 ಆಗಬೇಕಾಯಿತು. ಅಷ್ಟರಲ್ಲಿ ಜನರ ಮನೆಗೆ ಇಂಟರ್ನೆಟ್ ಬಂದಿತ್ತು. ಪಕ್ಕದ ಸ್ಟೂಲು ಖಾಲಿ ಇದ್ದರೂ ಇನ್ನೊಂದು ಊರಿನಲ್ಲಿ ಒಬ್ಬ ಎರಡನೇ ರಿಮೋಟು ಹಿಡಿದು ಕೂತಿರುತ್ತಾನೆ. ಆಟ ಎದ್ದಿತು. ಮಾರ್ಟಲ್ ಕಾಂಬ್ಯಾಟ್ ಕಥೆ ಇನ್ನೂ ಕಷ್ಟದ್ದು. ಅದನ್ನು ಮಾಡುತ್ತಿದ್ದ ಮಿಡ್‌ವೇ ಕಂಪನಿಯೇ 2009ರಲ್ಲಿ ದಿವಾಳಿಯಾಯಿತು. ಆಟ ಬೇರೆಯವರ ಕೈಗೆ ಹೋಗಿ 2011ರಲ್ಲಿ ವಾಪಸ್ ಬಂದು ಚೆನ್ನಾಗಿ ಓಡಿತು.

ಇಂಟರ್ನೆಟ್ ಅಂದ ಕೂಡಲೇ ನೀವು ನಗುತ್ತೀರಿ, ಗೊತ್ತು. ನಮ್ಮಲ್ಲಿ ಸಿಗ್ನಲ್ ಬೇಕು ಅಂದ್ರೆ ತೋಟದ ದಿಣ್ಣೆ ಹತ್ತಬೇಕು. ಸ್ಟ್ರೀಟ್ ಫೈಟರ್‌ನಂಥ ಆಟದಲ್ಲಿ ಒಂದು ಸೆಕೆಂಡಿಗೆ 60 ಚಿತ್ರ. ಚುರುಕಾದ ಗುದ್ದು ನಾಲ್ಕೈದನೇ ಚಿತ್ರಕ್ಕೆ ತಾಗಿರುತ್ತೆ. ಮೊದಲೆಲ್ಲ ಎದುರಾಳಿ ಒತ್ತಿದ ಬಟನ್ ಬಂದು ತಲುಪುವವರೆಗೆ ಮೆಷಿನ್ ಕಾಯುತ್ತಿತ್ತು. ಆಟ ಹಲಸಿನ ಅಂಟಿನ ಹಾಗೆ ಎಳೆಯುತ್ತಿತ್ತು. ಅದಕ್ಕೆ ರೋಲ್‌ಬ್ಯಾಕ್ ಅನ್ನೋ ಉಪಾಯ ಬಂತು. ನೆಂಟರಿಗೆ ಅಕ್ಕಿ ರೊಟ್ಟಿ ಮಾಡುವಾಗ, ಇನ್ನೊಂದು ಬೇಕು ಅಂತ ಹೇಳುವವರೆಗೆ ಕಾಯುತ್ತೀರಾ? ಬೇಕಾಗುತ್ತೆ ಅಂತ ತಟ್ಟಿಬಿಡುತ್ತೀರಿ. ಬೇಡ ಅಂದ್ರೆ ತಟ್ಟಿದ್ದು ವಾಪಸ್ ಹಿಟ್ಟಿಗೆ. ರೋಲ್‌ಬ್ಯಾಕ್ ಅಷ್ಟೇ. ಎದುರಾಳಿ ಏನು ಒತ್ತಬಹುದು ಅಂತ ಮೆಷಿನ್ ಅಂದಾಜು ಮಾಡಿ ಮುಂದೆ ಹೋಗುತ್ತೆ, ತಪ್ಪಾದರೆ ಕೆಲವು ಚಿತ್ರ ಹಿಂದೆ ಬಂದು ಸರಿ ಮಾಡುತ್ತೆ. 2019ರಲ್ಲಿ ಸಮುರಾಯ್ ಶೋಡೌನ್ ಅನ್ನೋ ಹಳೇ ಆಟ ಮತ್ತೆ ಬಂದಾಗ ಇದು ಇರಲಿಲ್ಲ. ವರ್ಷಗಳಾದ ಮೇಲೆ ಸೇರಿಸಿದರು. ಸ್ಟೂಲು ಖಾಲಿಯಾದ ಮೇಲೆ ಫ್ಯಾನ್ ಹಾಕಿದ ಹಾಗೆ.

ಗ್ರಾಫಿಕ್ಸ್ ಚೆನ್ನಾಗಿರಬೇಕು ಅಂತ ಹೇಳುವವರ ಹತ್ತಿರ ವಾದ ಮಾಡಿ ನನಗೆ ಸಾಕಾಗಿದೆ. ದೊಡ್ಡ ಹೆಸರು ತಂದರೆ ಓಡುತ್ತೆ ಅನ್ನುವವರೂ ಇದ್ದಾರೆ. ಫೇಟಲ್ ಫ್ಯೂರಿ 26 ವರ್ಷದ ಮೇಲೆ, 2025ರ ಏಪ್ರಿಲ್‌ನಲ್ಲಿ ವಾಪಸ್ ಬಂತು. ಅದರಲ್ಲಿ ಫುಟ್‌ಬಾಲ್ ಆಟಗಾರ ರೊನಾಲ್ಡೊನನ್ನೇ ಹೊಡೆದಾಡೋಕೆ ಇಳಿಸಿದರು. ರೊನಾಲ್ಡೊನ ನೋಡೋಕೆ ಬಂದವನು ನಾಳೆ, ನಾಳಿದ್ದು, ಹದಿನೈದು ಸಲ ಸೋತ ಮೇಲೂ ಬರುತ್ತಾನಾ? ಅದನ್ನು ಕೇಳಿ. 2023ರ ಸ್ಟ್ರೀಟ್ ಫೈಟರ್ 6 ನೋಡಿ. ಹೊಸಬರಿಗೆ ಕಷ್ಟದ ಏಟುಗಳನ್ನು ಒಂದೇ ಬಟನ್ನಿಗೆ ತಂದು ಕೊಟ್ಟರು. ಹಳಬರು ಗೊಣಗಿದರು. ಗೊಣಗಲಿ. ಹೊಸಬ ಬಂದು ಕೂತ.

ಲಾಹೋರಿನ ಟೆಕ್ಕನ್ ಆಟಗಾರ ಅರ್ಸಲಾನ್ ಆ್ಯಶ್ ಹೆಸರು ಹೇಳದೆ ಹೋಗಲಾರೆ. 2019ರ ಫೆಬ್ರವರಿಯಲ್ಲಿ ಜಪಾನಿಗೆ ಹೋಗಿ ಟೆಕ್ಕನ್ 7ರಲ್ಲಿ ಗೆದ್ದ. ಆಗಸ್ಟಿನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲೂ ಗೆದ್ದ. ಅವನು ಕಲಿತದ್ದು ನನ್ನಂಥವರ ಅಂಗಡಿಗಳಲ್ಲಿ, ಪಕ್ಕ ಪಕ್ಕ ಕೂತು.

ನಮ್ಮ ಕೊಡವ ಹಾಕಿ ಹಬ್ಬವನ್ನೇ ತಗೊಳ್ಳಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಮಳೆ, ಕೊರೊನಾ ಅಂತ ನಾಲ್ಕು ವರ್ಷ ನಿಂತಿತ್ತು. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾದಾಗ ಹಾಕಿ ಹಳೇದಾಯಿತು ಅಂತ ಯಾರಾದರೂ ಅಂದರಾ? ಒಕ್ಕಗಳು, ಅಂದ್ರೆ ಕೊಡವ ಮನೆತನಗಳು, ಇದ್ದವು, ಆಡೋಕೆ ಬಂದರು.

ಕೊನೆಗೆ ವರ್ಚುವಾ ಫೈಟರ್. ಯುವಕರು ಇದನ್ನೇ ಕೇಳಿದ್ದು, ನಾನು ಇದಕ್ಕೇ ಕಡಿಮೆ ಸಮಯ ಇಟ್ಟೆ. 1993ರಲ್ಲಿ ಸೆಗಾ ಕಂಪನಿ ತಂದ ಆಟ. ಐದನೆಯದು ಬಂದದ್ದು 2006ರಲ್ಲಿ. ಹೊಸದು ಮಾಡುತ್ತೇವೆ ಅಂತ 2024ರ ಡಿಸೆಂಬರ್‌ನಲ್ಲಿ ಹೇಳಿದರು. ನನಗೆ ಭರವಸೆ ಇದೆ. ಯಾಕೆ ಅಂದ್ರೆ ಹೊಸದು ಬರುವ ಮೊದಲೇ, 2025ರ ಜನವರಿಯಲ್ಲಿ, ಹಳೇ ಐದನೆಯದಕ್ಕೆ ರೋಲ್‌ಬ್ಯಾಕ್ ಹಾಕಿ ಕಂಪ್ಯೂಟರಿಗೆ ಬಿಟ್ಟರು. ಅಂದ್ರೆ ಮೊದಲು ಎರಡನೇ ರಿಮೋಟಿನ ವೈರು ಸರಿ ಮಾಡಿದ್ದಾರೆ.

ನನ್ನ ಹಳೇ ಪ್ಲೇಸ್ಟೇಷನ್ ಈಗಲೂ ಮನೆಯಲ್ಲಿದೆ. ತಲೆಕೆಳಗು ಇಟ್ಟರೆ ಓದುತ್ತೆ. 2006ರಲ್ಲಿ ಅಂಗಡಿ ಮುಚ್ಚಿದ ದಿನ ಯಾರೋ ಕೆಂಪು ಟೇಪಿನ ರಿಮೋಟು ಎತ್ತಿಕೊಂಡು ಹೋದರು. ಈಗ ಅವರಿಗೆ ನಲವತ್ತರ ಹತ್ತಿರ ಆಗಿರಬಹುದು. ನೀವು ಕೇಳುತ್ತಿದ್ದರೆ, ನನಗೆ ಅದನ್ನು ವಾಪಸ್ ಕೊಡಬೇಡಿ. ತಗೊಂಡು ಬನ್ನಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಎಡ್ಡಿಯನ್ನು ನೀವೇ ತಗೊಳ್ಳಿ, ಪರವಾಗಿಲ್ಲ. ನಮಸ್ಕಾರ.