ಆರು ನಿಮಿಷದ ಲೆಕ್ಕ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಿಂದಲೇ ಶುರು ಮಾಡುತ್ತೇನೆ, ಹಳೇ ಸಿಟ್ಟು.

ಓದುತ್ತಿದ್ದಾಗ ಮೊದಲ ಸಲ ಒಂದು ಉದ್ಯೋಗ ಮೇಳಕ್ಕೆ ಹೋಗಿದ್ದೆ. ಇಸ್ತ್ರಿ ಮಾಡಿದ ಶರ್ಟು, ಫೈಲಿನಲ್ಲಿ ರೆಸ್ಯೂಮೆಯ ಹತ್ತು ಪ್ರತಿ. ನನಗೆ ಬೇಕಾದ ಕಂಪನಿಯ ಸ್ಟಾಲಿನ ಮುಂದೆ ಸಾಲು ಬಾಗಿಲ ತನಕ ಬಂದಿತ್ತು. ನಿಂತೆ. ಒಂದೂವರೆ ಗಂಟೆ ನಿಂತೆ. ನನ್ನ ಸರದಿ ಬಂದಾಗ ಮೇಜಿನ ಆ ಕಡೆ ಇದ್ದವರು ತಲೆ ಎತ್ತುವ ಮೊದಲೇ ಹೇಳಿದರು: "ನಮ್ಮ ವೆಬ್‌ಸೈಟ್‌ನಲ್ಲಿ ಅಪ್ಲೈ ಮಾಡಿಬಿಡಿ." ಕೈಗೊಂದು ಪೆನ್ನು ಕೊಟ್ಟರು. ಅಷ್ಟೇ. ಪೆನ್ನು ಮಾತ್ರ ಚೆನ್ನಾಗಿ ಬರೆಯುತ್ತಿತ್ತು, ಸುಳ್ಳು ಹೇಳಬಾರದು.

ಆಮೇಲೆ ಮೇಜಿನ ಆ ಕಡೆಯೂ ಕೂತಿದ್ದೇನೆ. ಮೇಳ ನಡೆಸುವವರ ಜೊತೆಗೂ ಓಡಾಡಿದ್ದೇನೆ. ಆಗ ಗೊತ್ತಾಯಿತು, ಅವತ್ತಿನ ಆ ಮನುಷ್ಯ ಕೆಟ್ಟವರೇನಲ್ಲ. ಬೆಳಗ್ಗೆಯಿಂದ ಒಂದೇ ಮಾತು ಹೇಳಿ ಹೇಳಿ ಅವರ ಗಂಟಲು ಕಟ್ಟಿರಬೇಕು. ಮೇಳ ಏರ್ಪಡಿಸಿದವರು ಯಾರೂ ಲೆಕ್ಕ ಹಾಕಿರಲಿಲ್ಲ, ತಪ್ಪು ಅಲ್ಲಿತ್ತು.

ಯಾವ ಲೆಕ್ಕ ಅಂತೀರಾ? ಮೇಳ ಮುಗಿದ ಮೇಲೆ ಬರುವ ವರದಿ ನೋಡಿ. ಇಷ್ಟು ಕಂಪನಿ ಬಂದವು, ಇಷ್ಟು ಸಾವಿರ ವಿದ್ಯಾರ್ಥಿಗಳು ಬಂದರು. ಜೊತೆಗೆ ವೇದಿಕೆಯ ಫೋಟೊ. ನನ್ನ ಪ್ರಕಾರ ಈ ಎರಡೂ ಸಂಖ್ಯೆಗಳಿಂದ ಏನೂ ಗೊತ್ತಾಗುವುದಿಲ್ಲ. ಮೇಳದಲ್ಲಿ ಹಂಚುವುದಕ್ಕೆ ಇರುವುದು ಒಂದೇ ಸರಕು, ನಿಮಿಷ. ಒಬ್ಬ ವಿದ್ಯಾರ್ಥಿ ಎದುರು ಕೂತವರ ಜೊತೆ ನಿಜವಾಗಿ ಮಾತಾಡುವ ನಿಮಿಷ.

ಕಾಗದ ಪೆನ್ನು ತಗೊಳ್ಳಿ, ಆ ಪೆನ್ನೇ ಆದರೂ ಸರಿ. 60 ಕಂಪನಿ, ಪ್ರತಿ ಸ್ಟಾಲಿನಲ್ಲಿ ಇಬ್ಬರು ಅಂತಿಟ್ಟುಕೊಳ್ಳಿ. 120 ಜನ ಆಯಿತು. ಮೇಳ ನಾಲ್ಕು ಗಂಟೆ, ಅಂದರೆ 240 ನಿಮಿಷ. ಗುಣಿಸಿದರೆ 28,800. ನೀರು ಕುಡಿಯುವುದು, ಫೋನ್ ಎತ್ತುವುದು, ಕಾಲು ಚಾಚುವುದು ಅಂತ ಐದರಲ್ಲಿ ಒಂದು ಪಾಲು ಕಳೆಯಿರಿ. ಸುಮಾರು 23,000 ಉಳಿಯಿತು. ಒಂದು ಮಾತುಕತೆಗೆ ಆರು ನಿಮಿಷ ಕೊಟ್ಟರೆ 3,840 ಮಾತುಕತೆ. ಕೇಳುವುದಕ್ಕೆ ದೊಡ್ಡದಾಗಿದೆ, ಅಲ್ವಾ? ಈಗ 3,000 ವಿದ್ಯಾರ್ಥಿಗಳನ್ನು ಒಳಗೆ ಬಿಡಿ. ತಲೆಗೆ ಒಂದೂಕಾಲು ಮಾತುಕತೆ. ಅದೂ ಎಲ್ಲರೂ ಎಲ್ಲಾ ಸ್ಟಾಲಿಗೂ ಸಮನಾಗಿ ಹಂಚಿಹೋದರೆ. ಹಾಗೆ ಯಾವತ್ತಾದರೂ ಹಂಚಿಹೋಗಿದ್ದಾರಾ?

ಎಲ್ಲರೂ ನಾಲ್ಕೈದು ದೊಡ್ಡ ಹೆಸರಿನ ಮುಂದೆಯೇ ನಿಲ್ಲುತ್ತಾರೆ. ಇಬ್ಬರು ಕೂತಿದ್ದಾರೆ, ಒಬ್ಬೊಬ್ಬರಿಗೆ ಆರು ನಿಮಿಷ ಅಂದರೆ ಮೂರು ನಿಮಿಷಕ್ಕೊಬ್ಬರ ಕೆಲಸ ಮುಗಿಯುತ್ತದೆ. ಸಾಲಿನಲ್ಲಿ 40 ಜನ ಇದ್ದರೆ ಕೊನೆಯವರು ಎರಡು ಗಂಟೆ ಕಾಯಬೇಕು. ಅರ್ಧ ಮೇಳ ಅಲ್ಲೇ ಕಳೆಯಿತು.

ಸಾಲುಗಳ ಗಣಿತದಲ್ಲಿ ಲಿಟಲ್ ನಿಯಮ ಅಂತ ಒಂದಿದೆ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಅದನ್ನು ಸಾಧಿಸಿ ತೋರಿಸಿದರು. ವಿಷಯ ಸರಳ. ನಿಮಿಷಕ್ಕೆ ಎಷ್ಟು ಜನ ಬರುತ್ತಾರೆ, ಒಬ್ಬೊಬ್ಬರು ಎಷ್ಟು ಹೊತ್ತು ಇರಬೇಕಾಗುತ್ತದೆ, ಎರಡನ್ನೂ ಗುಣಿಸಿದರೆ ಸರಾಸರಿ ಎಷ್ಟು ಜನ ನಿಂತಿರುತ್ತಾರೆ ಅಂತ ಸಿಗುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಮೇಳ ನಡೆಸುವವರು ಸಾಮಾನ್ಯವಾಗಿ ದುಡ್ಡು ಸುರಿಯುವುದು ಪ್ರಚಾರಕ್ಕೆ. ಮೇಜಿನ ಹಿಂದೆ ಅದೇ ಇಬ್ಬರು ಇರುವಾಗ ಪ್ರಚಾರ ಜಾಸ್ತಿ ಮಾಡಿದರೆ ಬೆಳೆಯುವುದು ಸಾಲು ಮಾತ್ರ. ದೊಡ್ಡ ಕಂಪನಿಗೆ ಮೊದಲೇ ಹೇಳಿ: "ಇಬ್ಬರು ಸಾಲದು, ಆರು ಜನ ಕಳಿಸಿ." ಕಳಿಸದಿದ್ದರೆ ವಿದ್ಯಾರ್ಥಿಗಳನ್ನು ಗಂಟೆಗಿಷ್ಟು ಅಂತ ತಂಡ ಮಾಡಿ ಕರೆಯಿರಿ.

ಇನ್ನು ಜಾಗದ ಮಾತು. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ. ದೊಡ್ಡ ಹೆಸರನ್ನು ಬಾಗಿಲ ಹತ್ತಿರ ಕೂರಿಸುವುದು ಅಂದರೆ ಬಾಗಿಲಿಗೇ ಬೀಗ ಹಾಕಿದ ಹಾಗೆ. ಅವರನ್ನು ಹಾಲಿನ ಒಳಗಿನ ಮೂಲೆಗಳಿಗೆ ಕಳಿಸಿ, ಒಂದಕ್ಕೊಂದು ದೂರ. ನಡುವೆ ಸಣ್ಣ ಕಂಪನಿಗಳನ್ನು ಇಡಿ. ಆಗ ದೊಡ್ಡ ಸ್ಟಾಲಿಗೆ ಹೋಗುವವರು ಸಣ್ಣವರ ಮುಂದೆ ಹಾದೇ ಹೋಗಬೇಕು. ಸಾಲಿನಲ್ಲಿ ನಿಂತು ಬೇಜಾರಾದವರು ಪಕ್ಕದ ಮೇಜಿನತ್ತ ಕಣ್ಣು ಹಾಯಿಸುತ್ತಾರೆ. "ನೀವೇನು ಮಾಡ್ತೀರಿ?" ಅಂತ ಸುಮ್ನೆ ಕೇಳುತ್ತಾರೆ. ಎಷ್ಟೋ ಜನರಿಗೆ ಕೆಲಸ ಸಿಗುವುದು ಆ ಸುಮ್ನೆ ಕೇಳಿದ ಪ್ರಶ್ನೆಯಿಂದಲೇ. ನನಗೆ ಮೊದಲ ಕೆಲಸ ಸಿಕ್ಕಿದ್ದೂ ಹಾಗೇ, ಹೆಸರೇ ಕೇಳಿರದ ಒಂದು ಸಣ್ಣ ಜಾಗದಲ್ಲಿ. ಕಂಪನಿಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಕೂರಿಸುವವರು ಇದ್ದಾರಲ್ಲ, ಅವರ ಸೋಮಾರಿತನಕ್ಕೆ ನನ್ನ ನಮಸ್ಕಾರ.

ಸ್ಟಾಲ್ ಕೊಡುವ ಮೊದಲು ಕಂಪನಿಯವರನ್ನು ಕೇಳಲೇಬೇಕಾದ್ದೂ ಇದೆ. ಯಾವ ಕೆಲಸಕ್ಕೆ, ಯಾವ ವರ್ಷದ ವಿದ್ಯಾರ್ಥಿಗಳು ಬೇಕು? ಬರುವವರಲ್ಲಿ ಆ ಕೆಲಸವನ್ನು ದಿನಾ ಮಾಡುವವರು ಒಬ್ಬರಾದರೂ ಇದ್ದಾರಾ, ಇಲ್ಲ ಎಚ್‌ಆರ್‌ನವರು ಮಾತ್ರವಾ? ಕೊನೆಯದಾಗಿ, ನಿಮ್ಮ ವೆಬ್‌ಸೈಟ್ ಮಾಡಲಾಗದ ಯಾವ ಕೆಲಸವನ್ನು ನೀವು ಆ ಮೇಜಿನಲ್ಲಿ ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದವರಿಗೆ, ಅವರು ಎಷ್ಟೇ ಶುಲ್ಕ ಕಟ್ಟಲಿ, ನಾನಾಗಿದ್ದರೆ ಸ್ಟಾಲ್ ಕೊಡುತ್ತಿರಲಿಲ್ಲ. ಒಂದು ಬ್ಯಾನರ್ ಜಾಗ ಕೊಟ್ಟು ಕೈಮುಗಿಯುತ್ತಿದ್ದೆ.

ಸರಿ, ಆನ್‌ಲೈನ್ ಮೇಳಕ್ಕೆ ಬರೋಣ. ಮೊದಲೂ ಇತ್ತು, ಆದರೆ 2020ರಲ್ಲಿ ಕೊರೊನಾ ಬಂದಾಗ ಎಲ್ಲರೂ ಒಟ್ಟಿಗೇ ಅದರೊಳಗೆ ಬಿದ್ದರು. ಆಗ ಒಂದು ವಿಚಿತ್ರ ನೋಡಿದೆ. ಪರದೆ ಮೇಲೆ ಬಣ್ಣಬಣ್ಣದ ಸಭಾಂಗಣ, ಗೊಂಬೆ ಸ್ಟಾಲು. ನಮ್ಮ ಬದಲು ಒಂದು ಕಾರ್ಟೂನು ಬೊಂಬೆ ಅದರೊಳಗೆ ನಡೆದುಕೊಂಡು ಹೋಗಬೇಕು. ನಡೆಯುವ ಅಗತ್ಯವೇ ಇಲ್ಲದ ಕಡೆ ನಡೆಸುವುದು! ಎಷ್ಟೋ ಹೊತ್ತು ನನ್ನ ಬೊಂಬೆ ಗೋಡೆಗೆ ಮುಖ ಹಾಕಿಕೊಂಡು ನಿಂತಿತ್ತು.

ಆನ್‌ಲೈನ್‌ಗೆ ಅದರದ್ದೇ ಬಲ ಇದೆ. ದೂರದವರು ಬರಬಹುದು. ಹಗಲು ಕೆಲಸ ಮಾಡಿ ಓದುವವರು ಬರಬಹುದು. ವೀಲ್‌ಚೇರ್‌ನಲ್ಲಿ ಇರುವವರು ಮೆಟ್ಟಿಲು ಲೆಕ್ಕ ಹಾಕಬೇಕಿಲ್ಲ. ಕ್ಯಾಪ್ಷನ್ ಇದ್ದರೆ ಕಿವಿ ಮಂದ ಇರುವವರಿಗೂ ಸಲೀಸು. ಎಲ್ಲಕ್ಕಿಂತ ದೊಡ್ಡದು, ಸಾಲು ಇಲ್ಲ, ಸ್ಲಾಟ್ ಇದೆ, ಅಂದರೆ ಮೊದಲೇ ಕಾದಿರಿಸಿಕೊಂಡ ಹೊತ್ತು. ವಿದ್ಯಾರ್ಥಿಗಳನ್ನೂ ಕಂಪನಿಗಳನ್ನೂ ಸೇರಿಸುವ ಹ್ಯಾಂಡ್‌ಶೇಕ್‌ನಂಥ ಆನ್‌ಲೈನ್ ವೇದಿಕೆಗಳು ಇದನ್ನೇ ಹಿಡಿದವು. ಒಬ್ಬರಿಗೊಬ್ಬರು ಮಾತಾಡುವುದಕ್ಕೆ 10 ನಿಮಿಷ, ಗುಂಪಿನ ಸೆಷನ್‌ಗೆ ಅರ್ಧ ಗಂಟೆ. ನನ್ನ ನಿಮಿಷದ ಲೆಕ್ಕ ಇಲ್ಲಿ ಕಣ್ಣಿಗೇ ಕಾಣುತ್ತದೆ.

ದೌರ್ಬಲ್ಯವೂ ಅಲ್ಲೇ ಇದೆ. ಆನ್‌ಲೈನ್‌ನಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಪಕ್ಕದ ಮೇಜು ಅಂತ ಇಲ್ಲ. ಗೊತ್ತಿರುವ ಲೋಗೊ ಒತ್ತುತ್ತಾರೆ, ಸ್ಲಾಟ್ ಹಿಡಿಯುತ್ತಾರೆ, ಮುಗಿಯಿತು. ಸಣ್ಣ ಕಂಪನಿಯವರು ಖಾಲಿ ಪರದೆ ಮುಂದೆ ತಮ್ಮ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಮುಂದಿನ ಸಲ ಬರುವುದಿಲ್ಲ. ಹಾಗಾಗಿ ಪಟ್ಟಿಯನ್ನು ಕಂಪನಿ ಹೆಸರಿನಿಂದ ಕಟ್ಟಬೇಡಿ, ಕೆಲಸದ ಹೆಸರಿನಿಂದ ಕಟ್ಟಿ. "ಅಕೌಂಟ್ಸ್ ಕೆಲಸ" ಅಂತ ಹುಡುಕಿದರೆ ಏಳು ಕಂಪನಿ ಬರಲಿ, ಪ್ರತಿ ಸಲ ತೆರೆದಾಗ ಕ್ರಮ ಬದಲಾಗಲಿ. ಮೊದಲ ಕೆಲವು ದಿನ ಒಬ್ಬರಿಗೆ ಮೂರು ಸ್ಲಾಟ್ ಅಂತ ಮಿತಿ ಹಾಕಿ. ಇಲ್ಲದಿದ್ದರೆ ಚುರುಕಾದ ಹತ್ತು ಜನ ಎಲ್ಲವನ್ನೂ ಬಾಚಿಕೊಂಡು, ಅರ್ಧಕ್ಕೆ ಬರುವುದೇ ಇಲ್ಲ. ಹೀಗೆ ಕೈಕೊಡುವವರಿಗಾಗಿ ಕಾಯುವವರ ಪಟ್ಟಿ ಒಂದು ಸಿದ್ಧ ಇರಲಿ.

ಕಂಪನಿಯವರ ಕಡೆಯಿಂದಲೂ ನೋಡಿ. 10 ನಿಮಿಷದ ಸ್ಲಾಟು, ನಾಲ್ಕು ಗಂಟೆ, ಒಟ್ಟು 24 ಮುಖ, ನಡುವೆ ಉಸಿರಾಡುವುದಕ್ಕೂ ಜಾಗ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವೀಡಿಯೊ ಕಾಲ್ ಯಾಕೆ ಸುಸ್ತು ಮಾಡುತ್ತದೆ ಅಂತ ಬರೆದರು. ಹತ್ತಿರದಿಂದ ದಿಟ್ಟಿಸುವ ಕಣ್ಣುಗಳು, ಸದಾ ಕಾಣುವ ಸ್ವಂತ ಮುಖ, ಅಲುಗಾಡದೆ ಕೂರುವುದು, ಸನ್ನೆಗಳನ್ನು ಓದಲು ಪಡುವ ಹೆಚ್ಚಿನ ಕಷ್ಟ. 24ನೇ ವಿದ್ಯಾರ್ಥಿಗೆ ಸಿಗುವುದು ಈ ನಾಲ್ಕೂ ಸೇರಿ ಹಿಂಡಿದ ಮನುಷ್ಯ. ಗಂಟೆಗೆ ಐದೇ ಸ್ಲಾಟ್ ಇಡಿ. ನಿಮಿಷ ಕಡಿಮೆಯಾಗುತ್ತದೆ, ಹೌದು. ಉಳಿದ ನಿಮಿಷಕ್ಕೆ ಜೀವ ಇರುತ್ತದೆ.

ಈಗ ಕೆಲವರು ಎರಡನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಮಾಡುತ್ತಾರೆ. ಹೈಬ್ರಿಡ್ ಅಂತ ಹೆಸರು. ನಾನು ಇದಕ್ಕೆ ಪೂರಾ ವಿರೋಧಿ. ಸ್ಟಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟಿರುತ್ತಾರೆ. ಎದುರಿಗೆ ನಿಂತವರನ್ನು ಬಿಟ್ಟು ಪರದೆಯವರ ಜೊತೆ ಯಾರು ಮಾತಾಡುತ್ತಾರೆ? ಹಾಲಿನ ಗದ್ದಲದಲ್ಲಿ ಆ ಕಡೆಯವರಿಗೆ ಕೇಳಿಸುವುದೂ ಇಲ್ಲ. ದೂರದಿಂದ ಬಂದವರು ಎರಡನೇ ದರ್ಜೆಯ ಅತಿಥಿಗಳಾಗಿಬಿಡುತ್ತಾರೆ.

ಬೇರೆ ಬೇರೆ ದಿನ ಮಾಡಿ. ಮೊದಲು ಆನ್‌ಲೈನ್. ಆ ಅರ್ಧ ಗಂಟೆಯ ಗುಂಪು ಸೆಷನ್ ಇದೆಯಲ್ಲ, ಅದನ್ನು ಹಾಲಿನ ಮೇಳಕ್ಕೆ ಒಂದು ವಾರ ಮೊದಲು ಇಡಿ. ಯಾಕೆಂದರೆ ಸ್ಟಾಲಿನ ಆರು ನಿಮಿಷದಲ್ಲಿ ನಾಲ್ಕು ಎಲ್ಲಿ ಹೋಗುತ್ತದೆ ಗೊತ್ತಾ? "ನಿಮ್ಮ ಕಂಪನಿ ಏನು ಮಾಡುತ್ತದೆ?" "ಫ್ರೆಷರ್‌ಗಳನ್ನು ತಗೊಳ್ತೀರಾ?" "ಕೊನೇ ದಿನಾಂಕ ಯಾವಾಗ?" ಇದೆಲ್ಲ ನೂರು ಜನಕ್ಕೆ ಒಂದೇ ಸಲ ಹೇಳಬಹುದಾದ ಮಾತು. ಅದನ್ನು ಆನ್‌ಲೈನ್‌ನಲ್ಲೇ ಮುಗಿಸಿದರೆ ಹಾಲಿನಲ್ಲಿ ಆರೂ ನಿಮಿಷ ವಿದ್ಯಾರ್ಥಿಯದ್ದು. ಹಾಲಿಗೆ ಬರಲಾಗದವರಿಗೆ ಆಮೇಲೆ ಇನ್ನೊಂದು ದಿನ 10 ನಿಮಿಷದ ಸ್ಲಾಟು, ಅದೇ ಗೌರವದಿಂದ, ಅದೇ ಜನರಿಂದ.

ಉಳಿದದ್ದು, ವೈಫೈ, ಕುರ್ಚಿ, ಕುಡಿಯುವ ನೀರು, ಹಿಂದಿನ ದಿನ ಮೈಕ್ ಪರೀಕ್ಷೆ, ನಿಮಗೇ ಗೊತ್ತು. ಕುರ್ಚಿ ಮಾತ್ರ ಮರೆಯಬೇಡಿ.

ಇನ್ನೊಂದು ಮಾತು ಹೇಳಿ ಬಿಡುತ್ತೇನೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದು, ಆ ಪರಿಚಯದವರನ್ನು ಎಷ್ಟು ಸಲ ನೋಡುತ್ತಿದ್ದಿರಿ ಅಂತ. ಪದೇ ಪದೇ ನೋಡುತ್ತಿದ್ದೆವು ಅಂದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟವರು ಯಾವಾಗಲೋ ಒಮ್ಮೆ ಕಾಣುವ ಜನ. ಮೇಳದಲ್ಲಿ ಹುಟ್ಟುವುದು ಇಂಥದ್ದೇ ಪರಿಚಯ. ಆದರೆ ಎದುರಿಗೆ ಕೂತವರ ಹೆಸರೇ ತಿಳಿಯದೆ ಎದ್ದು ಬಂದರೆ ಅದು ಪರಿಚಯವಾ? ನನ್ನ ಹತ್ತಿರ ಆ ಕಂಪನಿಯ ಪೆನ್ನಿತ್ತು, ಕೊಟ್ಟವರ ಹೆಸರು ಇರಲಿಲ್ಲ.

ಅದಕ್ಕೇ ನಾವು ಈಗ ಬಾಗಿಲಲ್ಲಿ ಒಂದು ಸಣ್ಣ ಚೀಟಿ ಕೊಡುತ್ತೇವೆ. ಹೊರಗೆ ಹೋಗುವ ಮುಂಚೆ ವಿದ್ಯಾರ್ಥಿ ಅದರಲ್ಲಿ ಇಬ್ಬರ ಹೆಸರು ಬರೆದುಕೊಂಡು ಹೋಗಬೇಕು, ಕಂಪನಿಯದ್ದಲ್ಲ, ಮನುಷ್ಯರದ್ದು. ಕಂಪನಿಯವರಿಗೂ ಅಂಥದ್ದೇ ಚೀಟಿ. ಇನ್ನೊಮ್ಮೆ ಮಾತಾಡಬೇಕು ಅನ್ನಿಸಿದ ಮೂವರ ಹೆಸರು ಬರೆದುಕೊಟ್ಟು ಸ್ಟಾಲು ಬಿಚ್ಚಬೇಕು. ಕಳೆದ ಸಲ ಒಂದು ಸ್ಟಾಲಿನವರು ಖಾಲಿ ಚೀಟಿ ವಾಪಸ್ ಕೊಟ್ಟರು. "ಯಾಕೆ ಸಾರ್?" ಅಂದೆ. "ಯಾರ ಹೆಸರೂ ಕೇಳಲಿಲ್ಲ" ಅಂದರು. ಸಾಲು ಮಾತ್ರ ಅವರದ್ದೇ ಎಲ್ಲಕ್ಕಿಂತ ಉದ್ದ ಇತ್ತು.