ನೆರವಿನ ಪತ್ರದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಆಮ್ಹರ್ಸ್ಟ್, ಸ್ವಾರ್ತ್‌ಮೋರ್‌ನಂಥ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ, ಅಂದರೆ ಹಲವು ವಿಷಯಗಳನ್ನು ಒಟ್ಟಿಗೆ ಕಲಿಸುವ ಚಿಕ್ಕ ಪದವಿ ಕಾಲೇಜುಗಳಲ್ಲಿ, ವಸತಿ, ಊಟ ಸೇರಿ ವರ್ಷದ ಖರ್ಚು 80 ಸಾವಿರ ಡಾಲರ್ ದಾಟಿದೆ. ಅಷ್ಟು ಕೊಟ್ಟು ಓದಿಸಬೇಕೇ? ಉತ್ತರ ಹುಡುಕಬೇಕಾದದ್ದು ಪ್ರವೇಶದ ಜೊತೆ ಬರುವ, ಎಷ್ಟು ಹಣದ ನೆರವು ಸಿಗುತ್ತದೆ ಎಂದು ಕಾಲೇಜು ತಿಳಿಸುವ ನೆರವಿನ ಪತ್ರದಲ್ಲಿ. ಅದನ್ನು ಓದುವಾಗಲೇ ಬಹಳ ಮನೆಯವರು ಎಡವುತ್ತಾರೆ.

ಒಂದು ಲೆಕ್ಕ ಹಾಕೋಣ. ಖರ್ಚು 84 ಸಾವಿರ, ತೀರಿಸಬೇಕಿಲ್ಲದ ಅನುದಾನ 50 ಸಾವಿರ, ಸಾಲ ಐದೂವರೆ ಸಾವಿರ, ಕ್ಯಾಂಪಸ್ ಕೆಲಸದಿಂದ ಎರಡೂವರೆ ಸಾವಿರ. ‘ನೀವು ಕಟ್ಟಬೇಕಾದದ್ದು 26 ಸಾವಿರ’ ಎಂದು ಪತ್ರ ಹೇಳಬಹುದು. ಆದರೆ ಸಾಲ ಮುಂದೆ ತೀರಿಸಲೇಬೇಕಾದ ಹಣ. ಕೆಲಸದ ಹಣ ದುಡಿದ ಮೇಲೆ ಬರುವಂಥದ್ದು. ಎರಡನ್ನೂ ತೆಗೆದಿಡಿ. ನಿಜವಾದ ಬೆಲೆ 34 ಸಾವಿರ.

ಇನ್ನೊಂದು ಪೆಟ್ಟು ಎರಡನೇ ವರ್ಷದಿಂದ ಬೀಳುತ್ತದೆ. ಖರ್ಚು ಶೇಕಡಾ 4ರಷ್ಟು ಏರಿ, ಅನುದಾನ ಅಷ್ಟೇ ಉಳಿದರೆ, ಏರಿದ 3,360 ಡಾಲರ್ ಪೂರ್ತಿ ಮನೆಯವರ ತಲೆಗೇ. ಅವರ ಪಾಲಿಗೆ ಅದು ಸುಮಾರು ಶೇಕಡಾ 10ರ ಏರಿಕೆ. ನಾಲ್ಕು ವರ್ಷಕ್ಕೆ 1 ಲಕ್ಷ 36 ಸಾವಿರ ಅಂದುಕೊಂಡದ್ದು 1 ಲಕ್ಷ 57 ಸಾವಿರದ ಹತ್ತಿರ ಬಂದು ನಿಲ್ಲುತ್ತದೆ. ಆದ್ದರಿಂದ ಅನುದಾನ ಖರ್ಚಿನ ಜೊತೆಗೆ ಏರುತ್ತದೆಯೇ, ಅಂಕ ಇಳಿದರೆ ನಿಲ್ಲುತ್ತದೆಯೇ, ಹೊರಗಿನ ವಿದ್ಯಾರ್ಥಿವೇತನ ಸಿಕ್ಕರೆ ಅನುದಾನವನ್ನು ಕಡಿತ ಮಾಡುತ್ತಾರೆಯೇ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಸಾಲಕ್ಕೆ ಒಂದು ಗಡಿ ಬೇಕು. ಹೆತ್ತವರನ್ನು ಅವಲಂಬಿಸಿದ ಪದವಿ ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಸಾಮಾನ್ಯವಾಗಿ ಪಡೆಯಬಹುದಾದ ಫೆಡರಲ್ ಸಾಲ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಸಾಲ, ಒಟ್ಟು 31 ಸಾವಿರ ಡಾಲರ್. ಅದನ್ನು ಮೀರಿ ಖಾಸಗಿ ಸಾಲಕ್ಕೆ ಕೈ ಚಾಚಬೇಕಾದರೆ ಆ ಕಾಲೇಜು ಬೇಡ. ರಾಜ್ಯದ ವಿಶ್ವವಿದ್ಯಾಲಯದ ಆನರ್ಸ್ ವಿಭಾಗ, ಅಂದರೆ ಚೆನ್ನಾಗಿ ಓದುವವರಿಗಾಗಿ ಇರುವ ವಿಶೇಷ ವಿಭಾಗ, ನೋಡಿ. ವಿದೇಶಿ ವಿದ್ಯಾರ್ಥಿವೀಸಾದಲ್ಲಿ ಹೋಗುವವರಿಗೆ ಆ ಫೆಡರಲ್ ಸಾಲವೂ ಇಲ್ಲ.

ಹಾಗಾದರೆ ಈ ಓದಿನಲ್ಲಿ ಏನಿದೆ? ಬಹಳ ಇದೆ. ಹೆಸರಿನಲ್ಲಿ ಆರ್ಟ್ಸ್ ಇದ್ದರೂ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನವೂ ಇಲ್ಲಿ ಇರುತ್ತವೆ. ಹದಿನೈದು ಮಂದಿಯ ತರಗತಿಯಲ್ಲಿ ಬರೆದ ಪ್ರಬಂಧವನ್ನು ಪ್ರಾಧ್ಯಾಪಕರೇ ತಿದ್ದಿ, ಮತ್ತೆ ಬರೆಸುತ್ತಾರೆ. ಇದಕ್ಕೆ ಹಣ ಕೊಡಬಹುದು. ಆದರೆ ಚಿಕ್ಕ ವಿಭಾಗದಲ್ಲಿ ಕಡ್ಡಾಯ ಪಾಠವೊಂದನ್ನು ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಸುವುದುಂಟು. ಅದು ತಪ್ಪಿದರೆ ಇನ್ನೊಂದು ಸೆಮಿಸ್ಟರ್, ಇನ್ನಷ್ಟು ಶುಲ್ಕ. ಕಳೆದ ನಾಲ್ಕು ವರ್ಷದ ಪಾಠಪಟ್ಟಿ ತೆಗೆಸಿ, ನಿಮ್ಮ ವಿಷಯದಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಎಣಿಸಿ.

ಅರ್ಜಿ ಹಾಕುವ ಮೊದಲೇ ಕಾಲೇಜಿನ ಜಾಲತಾಣದಲ್ಲಿರುವ, ಅನುದಾನ ಕಳೆದು ಉಳಿಯುವ ಬೆಲೆಯನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕುಲೇಟರಿನಲ್ಲಿ ಆದಾಯ, ಆಸ್ತಿ ತುಂಬಿಸಿ ನೋಡಿ. ಫೆಡರಲ್ ನೆರವು ಪಡೆಯುವ ಕಾಲೇಜುಗಳಿಗೆ ಇದು 2011ರಿಂದ ಕಡ್ಡಾಯ. ಪತ್ರ ಬಂದ ಮೇಲೆ ಮೊತ್ತ ಸಾಲದಿದ್ದರೆ, ಕೆಲಸ ಹೋದದ್ದು, ಆಸ್ಪತ್ರೆ ಖರ್ಚು ಇತ್ಯಾದಿಗಳ ದಾಖಲೆ ಇಟ್ಟು ಮರುಪರಿಶೀಲನೆ ಕೇಳಿ. ಬಹಳ ಕಾಲೇಜುಗಳಲ್ಲಿ ಸೀಟು ಒಪ್ಪಿಕೊಳ್ಳಲು ಕೊನೆಯ ದಿನ ಮೇ 1. ಮನವಿ ಅದಕ್ಕೆ ಎರಡು ವಾರ ಮೊದಲೇ ಅವರ ಕೈ ಸೇರಿರಲಿ.

ನಮಸ್ಕಾರ.